ನಲವತ್ತು ಹಾಳೆ ನಾಣ್ಯ

ಮಾರ್ಚ್ 4, ಸೋಮವಾರ

ಈ ನೋಟ್‌ಬುಕ್ಕು ಅಮ್ಮ ತಂದುಕೊಟ್ಟಿದ್ದು. "ಬಾಯಿಗೆ ಬರೋದನ್ನೆಲ್ಲ ಇದ್ರಲ್ಲಿ ಬರ್ಕೋ. ಜನರ ಮುಖದ ಮೇಲೆ ಹೇಳ್ಬೇಡ. ಈ ಕೆಲಸನಾದ್ರೂ ಎರಡು ತಿಂಗಳು ಉಳೀಲಿ" ಅಂದಳು. ಸರಿ, ಬರೆಯುತ್ತೇನೆ. ಯಾರೂ ಓದಬಾರದು. ಅಮ್ಮ, ಕದ್ದು ಓದುತ್ತಿದ್ದರೆ ನಿನಗೇ ಹೇಳಿದ್ದು, ಮುಚ್ಚಿಡು.

ಕೆಲಸ ಇದು. ಒಬ್ಬ ಮುದುಕನ ಮನೆಯಲ್ಲಿ ಹಳೆಯ ನಾಣ್ಯಗಳಿವೆ, ನಾನೂರ ಎಂಬತ್ತು. ಒಂದೊಂದನ್ನೂ ಸ್ಕ್ಯಾನ್ ಮಾಡಬೇಕು, ಕಂಪ್ಯೂಟರಿನಲ್ಲಿ ತಿದ್ದಬೇಕು, ಹಾಳೆಗೆ ಹನ್ನೆರಡರ ಹಾಗೆ ಜೋಡಿಸಬೇಕು. ಒಟ್ಟು ನಲವತ್ತು ಹಾಳೆ. ಅದು ಪುಸ್ತಕವಾಗುತ್ತದಂತೆ. ಮೇ ಎಂಟಕ್ಕೆ ಸಂಗ್ರಹಾಲಯದ ವ್ಯಾನು ಬಂದು ನಾಣ್ಯಗಳನ್ನೆಲ್ಲ ಒಯ್ಯುತ್ತದೆ. ಮುದುಕನೇ ಕೊಟ್ಟುಬಿಟ್ಟಿದ್ದಾನೆ. ಆಮೇಲೆ ಮನೆಯಲ್ಲಿ ಉಳಿಯುವುದು ಪುಸ್ತಕ ಮಾತ್ರ.

ಬೀದಿಯವರು ಅವನನ್ನು ಚಿಲ್ಲರೆ ಮೇಷ್ಟ್ರು ಅನ್ನುತ್ತಾರೆ. ಮೂವತ್ತು ವರ್ಷ ಶಾಲೆಯಲ್ಲಿ ಲೆಕ್ಕ ಹೇಳಿಕೊಟ್ಟವನು. ಇದು ಮೊದಲೇ ಗೊತ್ತಿದ್ದರೆ ಆ ಗೇಟು ದಾಟುತ್ತಿರಲಿಲ್ಲ. ಒಂಬತ್ತನೇ ಕ್ಲಾಸಿನಲ್ಲಿ ಪಾಠ ಮಾಡುವವನೊಬ್ಬ ನನ್ನ ಪುಸ್ತಕ ಎತ್ತಿ ಹಿಡಿದು, "ನೋಡ್ರೋ, ಇವಳು ಬರೀತಾಳೋ ಉಳ್ತಾಳೋ?" ಅಂದಿದ್ದ. ನಾನು ಪೆನ್ನು ಒತ್ತಿ ಬರೆಯುತ್ತೇನೆ, ಅಕ್ಷರ ಹಾಳೆಯ ಹಿಂಬದಿಯಲ್ಲಿ ಉಬ್ಬುತ್ತದೆ. ಅದಕ್ಕೇನು? ಕ್ಲಾಸಿಗೆ ಕ್ಲಾಸೇ ನಕ್ಕಿತು. ಡಸ್ಟರ್ ಎಸೆದೆ. ಗುರಿ ತಪ್ಪಲಿಲ್ಲ. ನನ್ನ ಓದು ಅಲ್ಲಿಗೆ ಮುಗಿಯಿತು. ಅವತ್ತಿನಿಂದ ಯಾರನ್ನೂ ಮೇಷ್ಟ್ರೇ ಅಂತ ಕರೆದಿಲ್ಲ, ಕರೆಯುವುದೂ ಇಲ್ಲ. ಇವನು ಮುದುಕ. ಎದುರಿಗೆ ಸಾರ್, ಅಷ್ಟೇ.

ಮಾರ್ಚ್ 5, ಮಂಗಳವಾರ

ಮೊದಲನೇ ನಾಣ್ಯ. ಬೆಳ್ಳಿಯದು. ಸ್ಕ್ಯಾನರಿನ ಗಾಜಿನ ಮೇಲೆ ಇಟ್ಟರೆ ಇದ್ದಿಲ ತುಂಡಿನ ಹಾಗೆ ಬಂತು. ಹೊಳೆಯುವ ವಸ್ತುವೆಲ್ಲ ಸ್ಕ್ಯಾನರಿನಲ್ಲಿ ಹಾಗೇ, ಬೆಳಕನ್ನು ಬೇರೆ ಕಡೆಗೆ ತಳ್ಳಿ ತಾನು ಕಪ್ಪಾಗಿ ಕೂರುತ್ತದೆ. ನನಗೇನು ಹೊಸದಲ್ಲ. ಎರಡು ವರ್ಷ ಫೋಟೋ ಸ್ಟುಡಿಯೋದಲ್ಲಿ ಊರಿನವರ ಮುಖಕ್ಕೆಲ್ಲ ಸುಣ್ಣ ಬಳಿದವಳು. ಕೊನೆಗೆ ನನ್ನ ಗುರುತಿನ ಚೀಟಿಯ ಫೋಟೋದಲ್ಲಿ ನನ್ನ ಮುಖಕ್ಕೂ ಸುಣ್ಣ ಬಳಿದ ಮಾಲೀಕ. ಮೌಸು ಗೋಡೆಗೆ ಹೊಡೆದು ಬಂದೆ. ಅದು ಬೇರೆ ಕಥೆ.

ನಾಣ್ಯವನ್ನು ಬೆಳಗಿಸಿದೆ. ಫಳಫಳ. ಮುದುಕ ಬಂದು ನನ್ನ ಹಿಂದಿನ ಕುರ್ಚಿಯಲ್ಲಿ ಕೂತು ನೋಡಿದ.

"ಏನಮ್ಮ ಇದು?"

"ನಿಮ್ಮ ನಾಣ್ಯ."

"ನನ್ನ ನಾಣ್ಯ ಅಲ್ಲ. ಇದು ಮದುಮಗಳು."

"ಚೆನ್ನಾಗಿಲ್ವಾ?"

"ಚೆನ್ನಾಗಿದೆ. ಅದೇ ತೊಂದ್ರೆ. ಇನ್ನೂರು ವರ್ಷ ಜೇಬಿಂದ ಜೇಬಿಗೆ ಅಲೆದ ಮುಖ ಹಿಂಗಿರುತ್ತಾ? ಕಿಟಕಿ ಹತ್ರ ಹಿಡಿದು ನೋಡು. ಯಾವ ಬಣ್ಣ?"

"ಕಪ್ಪು."

"ಯಾವ ಕಪ್ಪು?"

"ಕಪ್ಪು ಅಂದ್ರೆ ಕಪ್ಪು ಸಾರ್."

"ಕಪ್ಪು ಅಂತ ಒಂದೇ ಬಣ್ಣ ಇಲ್ಲ. ಯಾವುದರ ಕಪ್ಪು?"

ಮೈ ಉರಿಯಿತು. "ನಿಮ್ಮ ಮನೆ ಟೀ ಪಾತ್ರೆ ತಳದ್ದು" ಅಂದೆ. ಬೈಯಲಿ, ಎದ್ದು ಹೋಗೋಣ ಅಂತಲೇ ಅಂದಿದ್ದು.

ಮುದುಕ ನಾಣ್ಯ ಇಸಕೊಂಡು ನೋಡಿದ. ಅಡುಗೆಮನೆಗೆ ಹೋಗಿ ನಿಜವಾಗಿಯೂ ಪಾತ್ರೆ ತಂದು ಪಕ್ಕದಲ್ಲಿಟ್ಟು ನೋಡಿದ. "ಸರಿ. ಅದನ್ನೇ ತೋರ್ಸು" ಅಂದ.

ಹುಚ್ಚು.

ಮಾರ್ಚ್ 9, ಶನಿವಾರ

ಇಲ್ಲಿಯ ಪದ್ಧತಿ ಹೀಗಿದೆ. ಸ್ಕ್ಯಾನ್ ಮಾಡುವಾಗ ನಾಣ್ಯದ ಪಕ್ಕ ಒಂದು ಬೂದು ರಟ್ಟು ಇಡಬೇಕು. ಆ ರಟ್ಟಿನ ಬೂದು ಪರದೆಯ ಮೇಲೂ ಅದೇ ಬೂದಾಗಿ ಕಂಡರೆ ನಾಣ್ಯದ ಬಣ್ಣವೂ ಸರಿಯಿದೆ ಅಂತ. ಕಂಪ್ಯೂಟರಿನಲ್ಲಿ ಪ್ರತಿ ಚಿತ್ರಕ್ಕೂ ಗುಡ್ಡದ ಹಾಗೆ ಒಂದು ಗೆರೆ ಏಳುತ್ತದೆ. ಎಡಗಡೆ ಕತ್ತಲು, ಬಲಗಡೆ ಬೆಳಕು. ಸ್ಟುಡಿಯೋದಲ್ಲಿ ನಾವು ಗುಡ್ಡವನ್ನು ಬಲಕ್ಕೆ ನೂಕಿ ತುದಿ ಕತ್ತರಿಸಿಬಿಡುತ್ತಿದ್ದೆವು. ಮುಖ ಬೆಳ್ಳಗಾಗುತ್ತಿತ್ತು, ಗಿರಾಕಿ ನಗುತ್ತಿದ್ದ. ಮುದುಕ ತುದಿ ಮುಟ್ಟಲು ಬಿಡುವುದಿಲ್ಲ.

"ಅಲ್ಲಿ ಕತ್ತರಿಸಿದ್ದು ಮತ್ತೆ ಬರಲ್ಲ. ಬೆಳಕಲ್ಲಿ ಮುಳುಗಿಸಿದ್ರೂ ಮುಳುಗಿದ್ದೇ, ಕತ್ತಲಲ್ಲಿ ಮುಳುಗಿಸಿದ್ರೂ ಮುಳುಗಿದ್ದೇ. ನಡುವಿನದನ್ನ ಹದ ಮಾಡು."

ಹದ ಅಂತೆ. ಅನ್ನ ಬೇಯಿಸುತ್ತಿದ್ದೇನಾ?

ಪರದೆಯ ಬೆಳಕಿಗೂ ಒಂದು ಗುರುತು. ಕೆಳಗಿನ ಗುಂಡಿ ಒತ್ತಿದರೆ ಅಂಕಿ ಬರುತ್ತದೆ, ಅದು ನಲವತ್ತರಲ್ಲೇ ಇರಬೇಕು. ಪರದೆ ಹೆಚ್ಚು ಬೆಳಗಿದರೆ ನಮಗೆ ಗೊತ್ತಿಲ್ಲದೆ ಚಿತ್ರವನ್ನು ಕಪ್ಪು ಮಾಡಿಬಿಡುತ್ತೇವಂತೆ. ಗುಂಡಿ ಮುಟ್ಟಬಾರದು ಅಂತ ಮೊದಲ ದಿನವೇ ಹೇಳಿದ.

ಹಾಳೆ ಮುಗಿದ ಮೇಲೆ ಪರದೆಯಲ್ಲಿ ಒಂದೊಂದೇ ನಾಣ್ಯ ದೊಡ್ಡದು ಮಾಡಿ ತೋರಿಸಬೇಕು. ಒಪ್ಪಿದರೆ ಮುದ್ರಿಸಿದ ಹಾಳೆಯ ಮೂಲೆಯಲ್ಲಿ ಕೆಂಪು ಪೆನ್ಸಿಲಿನಿಂದ "ನೋಡಿದೆ" ಅಂತ ಬರೆಯುತ್ತಾನೆ. ಬರೆದು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಳ್ಳುತ್ತಾನೆ, ಬಡಗಿ ಹಾಗೆ. ಆ ಅಕ್ಷರ ಬೀಳದ ಹಾಳೆ ಪ್ರೆಸ್ಸಿಗೆ ಹೋಗುವುದಿಲ್ಲ. ಒಂದು ವಾರದಲ್ಲಿ ಒಂದೇ ಹಾಳೆಗೆ ಬಿದ್ದಿದೆ.

ಮಾರ್ಚ್ 14, ಗುರುವಾರ

ಬೆಳಗಿನಿಂದ ಒಂದೇ ನಾಣ್ಯ. ಹನ್ನೊಂದು ಸಲ. ಸ್ಕ್ಯಾನರ್ ಎತ್ತಿ ಮುದುಕನ ತಲೆ ಮೇಲೆ ಹಾಕಬೇಕು ಅನ್ನಿಸಿತು. ಭಾರ ಇದೆ, ಅದಕ್ಕೇ ಬಿಟ್ಟೆ.

ಮಾರ್ಚ್ 22, ಶುಕ್ರವಾರ

ತಾಮ್ರದ ನಾಣ್ಯವೊಂದರ ಮೇಲೆ ಹಸಿರು ಕೂತಿತ್ತು. ಅಂಗಿಯ ತುದಿಯಿಂದ ಉಜ್ಜಲು ಹೋದೆ. ಮುದುಕ ಎಲ್ಲಿದ್ದನೋ, ಹಾರಿ ಬಂದು ಕೈ ಹಿಡಿದುಕೊಂಡ. ಬೈಯುತ್ತಾನೆ ಅಂದುಕೊಂಡೆ. ನನ್ನ ಬಾಯಲ್ಲೂ ಉತ್ತರ ತಯಾರಿತ್ತು.

"ಅದು ಕೊಳೆ ಅಲ್ಲಮ್ಮ, ಅದರ ಚರ್ಮ" ಅಂದ. ಅಷ್ಟೇ. ತಯಾರಿದ್ದ ಉತ್ತರ ನುಂಗಿಕೊಂಡೆ.

ಆಮೇಲೆ ತಾನೇ ಸಮಾಧಾನ ಮಾಡುವವನ ಹಾಗೆ ಒಂದು ಆಟ ತೋರಿಸಿದ. ಕಣ್ಣು ಮುಚ್ಚಿ ಕೈ ಚಾಚಿದ. ನಾನು ನಾಣ್ಯ ಇಡಬೇಕು, ಅವನು ಹೆಬ್ಬೆರಳು ಆಡಿಸಿ ಯಾವುದು ಅಂತ ಹೇಳುತ್ತಾನೆ. ಐದನೇ ಹಾಳೆ ಮೂರನೇದು. ಒಂಬತ್ತನೇ ಹಾಳೆ ಕೊನೇದು. ಒಂದೂ ತಪ್ಪಲಿಲ್ಲ. ನನಗೆ ಹಟ ಬಂತು. ಅಡುಗೆಮನೆಯ ಸಿಂಕಿನ ಕೆಳಗೆ ಬಿದ್ದಿದ್ದ ತಗಡಿನ ಚಕ್ರವೊಂದನ್ನು ತಂದು ಕೈಯಲ್ಲಿಟ್ಟೆ.

ಹೆಬ್ಬೆರಳು ಒಂದು ಸುತ್ತು ಬಂತು. "ಇದು ನಮ್ಮ ನಲ್ಲಿ ವಾಷರ್. ಎಲ್ಲಿ ಸಿಕ್ತು? ಎರಡು ದಿನದಿಂದ ಹುಡುಕ್ತಿದೀನಿ, ನೀರು ಸೋರ್ತಿದೆ."

ನಗು ತಡೆಯಲಾಗಲಿಲ್ಲ. ಅವನೂ ನಕ್ಕ. ಇಬ್ಬರೂ ಸೇರಿ ನಲ್ಲಿ ಸರಿ ಮಾಡಿದೆವು. ಸ್ಪ್ಯಾನರ್ ಹಿಡಿಯಲು ಅವನಿಗೆ ಬರುವುದಿಲ್ಲ. ಮೂವತ್ತು ವರ್ಷ ಲೆಕ್ಕ ಹೇಳಿ ಏನು ಬಂತು.

ಏಪ್ರಿಲ್ 2, ಮಂಗಳವಾರ

ಇವತ್ತು ಯುದ್ಧ.

ಇಪ್ಪತ್ತೊಂದು ಹಾಳೆ ಮುಗಿದಿವೆ. ಇಪ್ಪತ್ತೆರಡನೆಯದನ್ನು ತೋರಿಸಿದೆ. "ಕಪ್ಪಾಯ್ತು" ಅಂದ. ಬೂದು ರಟ್ಟು ನೋಡಿದೆ, ಸರಿಯಿದೆ. ಅಂಕಿ ನೋಡಿದೆ, ಸರಿಯಿದೆ. ನಾಣ್ಯವನ್ನೇ ಪರದೆಯ ಪಕ್ಕ ಹಿಡಿದೆ, ಅವಳಿ ಮಕ್ಕಳ ಹಾಗಿದೆ. ಮತ್ತೆ "ಕಪ್ಪು" ಅಂದ. ಸ್ವಲ್ಪ ಏರಿಸಿದೆ. "ಇನ್ನೂ." ಏರಿಸಿದೆ. "ಇನ್ನೂ ಸ್ವಲ್ಪ." ನಾಣ್ಯ ಸ್ಟೀಲ್ ಲೋಟದ ಹಾಗಾಯಿತು. "ಹ್ಞಾಂ, ಈಗ ಸರಿ" ಅಂದ.

ಕುರ್ಚಿ ತಳ್ಳಿ ಎದ್ದೆ. "ಮೊದಲನೇ ದಿನ ಮದುಮಗಳು ಅಂತ ಬೈದ್ರಿ. ಇವತ್ತು ನೀವೇ ಪೌಡರ್ ಹಾಕಿಸ್ತಿದೀರಿ. ದಿನಕ್ಕೊಂದು ನಾಲಿಗೆನಾ ನಿಮ್ದು?"

ಮುದುಕ ಕನ್ನಡಕ ತೆಗೆದು ಒರೆಸಿದ, ಮತ್ತೆ ಒರೆಸಿದ.

ಅಡುಗೆಮನೆಗೆ ಹೋಗಿ ನೀರು ಕುಡಿಯುತ್ತಿದ್ದೆ. ಅವನ ಮಗಳು ಬಂದು ಬಾಗಿಲು ಒರಗಿಸಿದರು. ನನ್ನನ್ನು ಕೆಲಸಕ್ಕೆ ಸೇರಿಸಿಕೊಂಡವರು ಇವರೇ. ನಾನು ಅಕ್ಕ ಅನ್ನುತ್ತೇನೆ.

"ಅಪ್ಪಂಗೆ ಕಣ್ಣು ಹೋಗ್ತಿದೆ ಕಣೆ. ನಡುವಿನ ನೋಟ ಮೊದಲು ಮಂಕಾಗುತ್ತಂತೆ. ಔಷಧಿ ಇಲ್ಲ ಅಂದ್ರು ಡಾಕ್ಟ್ರು. ನಂಗಷ್ಟೇ ಹೇಳಿದಾರೆ."

"ಅವ್ರಿಗೆ?"

"ಪೊರೆ ಅಂದ್ಕೊಂಡಿದಾರೆ. ಪುಸ್ತಕ ಮುಗೀಲಿ, ಆಮೇಲೆ ತೆಗೆಸ್ಕೋತೀನಿ ಅಂತಾರೆ. ನಿಜ ಗೊತ್ತಾದ್ರೆ ಪೆನ್ಸಿಲ್ ಕೆಳಗಿಡ್ತಾರೆ. ನೋಡದೆ ಇರೋದಕ್ಕೆ ನೋಡಿದೆ ಅಂತ ಬರೆಯೋ ಮನುಷ್ಯ ಅಲ್ಲ. ಅರ್ಧಕ್ಕೆ ನಿಂತರೆ ಮತ್ತೆ ಯಾರು ಮಾಡ್ತಾರೆ? ನಾಣ್ಯನೂ ಇರಲ್ಲ, ಕಣ್ಣೂ ಇರಲ್ಲ."

"ನಂಗ್ಯಾಕೆ ಹೇಳ್ತೀರಿ? ನಂಗೆ ಸುಳ್ಳು ಹೇಳೋಕೆ ಬರಲ್ಲ."

"ಹೇಳ್ಬೇಡ. ಜಗಳನಾದ್ರೂ ಆಡ್ಬೇಡ."

ಮನೆಗೆ ಬರುವಾಗ ದಾರಿಯಲ್ಲಿ ಕಲ್ಲು ಒದ್ದುಕೊಂಡು ಬಂದೆ. ಬೆರಳು ನೋಯುತ್ತಿದೆ.

ಏಪ್ರಿಲ್ 3, ಬುಧವಾರ

ಸಾರ್ ಹೇಳಿದಷ್ಟು ಬೆಳಗಿಸಿದರೆ ಪುಸ್ತಕ ಹಾಳು. ನಾಣ್ಯ ತಿಳಿದವರೆಲ್ಲ ನಗುತ್ತಾರೆ, ಮುದುಕನಿಗೆ ಅರಳುಮರಳು ಅನ್ನುತ್ತಾರೆ. ಬೆಳಗಿಸದಿದ್ದರೆ ಹಾಳೆಗೆ ಅಕ್ಷರ ಬೀಳುವುದಿಲ್ಲ.

ಬೆಳಗ್ಗೆ ಬೇಗ ಹೋದೆ. ಚಿತ್ರ ಮುಟ್ಟಲಿಲ್ಲ. ಪರದೆಯ ಗುಂಡಿ ಒತ್ತಿದೆ. ನಲವತ್ತನ್ನು ಐವತ್ತೈದು ಮಾಡಿದೆ. ನಿನ್ನೆ ಬೇಡ ಅಂದ ಅದೇ ಚಿತ್ರಗಳನ್ನು ತೋರಿಸಿದೆ.

"ಆಹಾ. ಈಗ ನೋಡು ಹೆಂಗಿದೆ. ನಿನ್ನೆ ಸುಮ್ನೆ ಹಾರಾಡ್ದೆ" ಅಂದರು. ನೋಡಿದೆ ಅಂತ ಬರೆದರು. ಅವರು ಎದ್ದ ಮೇಲೆ ಗುಂಡಿ ಒತ್ತಿ ಮತ್ತೆ ನಲವತ್ತಕ್ಕೆ ತಂದು ಮುಂದಿನ ಹಾಳೆ ಶುರು ಮಾಡಿದೆ.

ಜಗಳ ತಪ್ಪಲಿ ಅಂತ ಮಾಡಿದ್ದು. ಬೇರೇನೂ ಇಲ್ಲ.

ಏಪ್ರಿಲ್ 9, ಮಂಗಳವಾರ

ಪರದೆ ಈಗ ಎಪ್ಪತ್ತು.

ಸಾರ್ ಇವತ್ತು ಕೊನೆಯ ನಾಣ್ಯ ತೋರಿಸಿದರು, ನಾನೂರ ಎಂಬತ್ತನೆಯದು. ಉಗುರಿನಷ್ಟು ತಾಮ್ರ. ಸವೆದು ಸವೆದು ಮೇಲೇನೂ ಇಲ್ಲ. ಕೆಲಸಕ್ಕೆ ಸೇರಿದ ದಿನ ಶಾಲೆಯ ಮೈದಾನದಲ್ಲಿ ಕಾಲಿಗೆ ಸಿಕ್ಕಿದ್ದಂತೆ. ಇದರಿಂದಲೇ ಎಲ್ಲ ಶುರು.

"ಮೊದಲು ಸಿಕ್ಕಿದ್ದನ್ನ ಕೊನೇಲಿ ಯಾಕಿಟ್ರಿ?"

"ಇದರ ಚಿತ್ರ ತೆಗೆಯೋದು ಕಷ್ಟ. ಅಷ್ಟೊತ್ತಿಗೆ ನೀನು ಕಲಿತಿರ್ತೀಯ ಅಂತ."

"ಇದರ ಮೇಲೆ ಏನೂ ಇಲ್ವಲ್ಲ ಸಾರ್."

"ಇದೆ. ಎದುರು ಬೆಳಕಲ್ಲಿ ಕಾಣಲ್ಲ. ಪಕ್ಕದಿಂದ ಬರ್ಲಿ."

ಕಿಟಕಿಯ ಪಕ್ಕ ಓರೆಯಾಗಿ ಹಿಡಿದೆ. ತುಂಬ ಹೊತ್ತು ತಿರುಗಿಸಿದ ಮೇಲೆ ಒಂದು ಕುದುರೆಯ ಬೆನ್ನು ಕಂಡಿತು. ಬೆನ್ನು ಮಾತ್ರ.

"ಕುದುರೆ!" ಅಂತ ಕಿರುಚಿಬಿಟ್ಟೆ. ಬೀದಿಯಲ್ಲಿ ಹೋಗುತ್ತಿದ್ದವನೊಬ್ಬ ತಿರುಗಿ ನೋಡಿದ.

ಏಪ್ರಿಲ್ 14, ಭಾನುವಾರ

ಅಮ್ಮನಿಗೆ ಆಸ್ಪತ್ರೆಯ ಹೊಸ ಗುರುತಿನ ಚೀಟಿಗೆ ಫೋಟೋ ಬೇಕಾಗಿತ್ತು. ಅಲ್ಲಿ ಬಟ್ಟೆ ಒಗೆಯುವ ವಿಭಾಗದಲ್ಲಿ ಅವಳ ಕೆಲಸ. ಕಿಟಕಿಯ ಪಕ್ಕ ಕೂರಿಸಿ ತೆಗೆದೆ.

"ಸ್ವಲ್ಪ ಬೆಳ್ಳಗೆ ಮಾಡೇ. ಸ್ಟುಡಿಯೋದಲ್ಲಿ ಎಲ್ರಿಗೂ ಮಾಡ್ತಿದ್ದೆ, ಹೆತ್ತ ತಾಯಿಗೆ ಆಗಲ್ವಾ?"

"ಆಗಲ್ಲ."

"ಯಾಕೆ?"

"ಗುಡ್ಡದ ತುದಿ ಕತ್ತರಿಸಿಹೋಗುತ್ತೆ."

"ಯಾವ ಗುಡ್ಡ? ಕೆಲಸಕ್ಕೆ ಹೋಗಿ ತಲೆ ಕೆಡಿಸ್ಕೊಂಡ್ಯಾ?"

ಏನೂ ಮುಟ್ಟದೆ ಕೊಟ್ಟೆ. ಕೆನ್ನೆಯ ಮೇಲೆ ಹಬೆ ಹೊಡೆದ ಕೆಂಪು, ಕಣ್ಣಿನ ಕೆಳಗೆ ಒಣಗಿದ ಟೀ ಬಣ್ಣ. ಅಮ್ಮ ತುಂಬ ಹೊತ್ತು ನೋಡಿದಳು. "ನನ್ನಮ್ಮನ ಹಾಗೆ ಕಾಣ್ತೀನಿ" ಅಂದಳು. ಬೇಡ ಅನ್ನಲಿಲ್ಲ.

ಏಪ್ರಿಲ್ 19, ಶುಕ್ರವಾರ

ಪರದೆ ನೂರಕ್ಕೆ ಬಂತು. ಅದರ ಮೇಲೆ ಅಂಕಿ ಇಲ್ಲ.

ಏಪ್ರಿಲ್ 26, ಶುಕ್ರವಾರ

ಮೂವತ್ತೊಂಬತ್ತನೇ ಹಾಳೆ ಆಯಿತು. ಈ ವಾರ ಕೈ ಓಡಿದೆ. ಬೂದು ರಟ್ಟನ್ನು ಡ್ರಾಯರಿಗೆ ಹಾಕಿದ್ದೇನೆ, ಈಗ ನನಗದು ಬೇಡ. ನೋಡಿದ ಕೂಡಲೇ ಕಣ್ಣಿಗೇ ಗೊತ್ತಾಗುತ್ತದೆ.

ಸಾರ್ ಮಾತ್ರ ಈ ವಾರದ ಏಳು ಹಾಳೆಗೂ "ಕಪ್ಪಿದೆ ಅಲ್ವೇನೆ?" ಅಂದರು. ನೂರರಲ್ಲೂ ಅವರಿಗೆ ಕಪ್ಪು. "ಇಲ್ಲ ಸಾರ್. ಸರಿಯಾಗಿದೆ. ನಾಣ್ಯ ಪಕ್ಕದಲ್ಲಿಟ್ಟೇ ನೋಡಿದೀನಿ" ಅಂದೆ.

ಮೊದಲಾಗಿದ್ದರೆ ವಾದ ಮಾಡುತ್ತಿದ್ದರು. "ನೀನು ಹೇಳಿದ್ಮೇಲೆ ಸರಿ ಬಿಡು" ಅಂದು ಬರೆದರು. ಅಕ್ಷರ ಹಾಳೆಯ ಅಂಚು ದಾಟಿ ಮೇಜಿನ ಮೇಲೆ ಹೋಯಿತು. ನಾನು ನೋಡದ ಹಾಗೆ ಮಾಡಿದೆ.

ಮೇ 2, ಗುರುವಾರ

ನನ್ನನ್ನು ಯಾರಾದರೂ ಒದೆಯಬೇಕು.

ಪ್ರೆಸ್ಸಿನವನು ಮೂವತ್ತೊಂಬತ್ತೂ ಹಾಳೆಗಳ ಮಾದರಿ ಮುದ್ರಣ ತಂದ. ಕೊನೆಯ ಏಳನ್ನು ಮೇಜಿನ ಮೇಲೆ ಬೇರೆ ಇಟ್ಟ. "ಏನಮ್ಮ, ಇದು ನಾಣ್ಯನೋ ಇದ್ದಿಲೋ? ನಂ ಮಿಷನ್ ಕೆಟ್ಟಿದೆಯೇನೋ ಅಂತ ಎರಡು ಸಲ ಹೊಡೆದೆ. ಮಿಷನ್ ಸರಿಯಾಗಿದೆ."

ನೋಡಿದ ಕೂಡಲೇ ಗೊತ್ತಾಯಿತು. ಓಡಿಹೋಗಿ ಪರದೆಯ ಗುಂಡಿ ಒತ್ತಿದೆ. ನೂರು. ಅವರು ಎದ್ದ ಮೇಲೆ ಇಳಿಸಬೇಕಿತ್ತು. ಆ ಇಡೀ ವಾರ ಇಳಿಸಿಯೇ ಇಲ್ಲ. ನೂರರ ಬೆಳಕಿನಲ್ಲಿ ಕೂತು, ಚಿತ್ರ ಹೆಚ್ಚು ಬೆಳ್ಳಗಿದೆ ಅಂದುಕೊಂಡು ಒಂದೊಂದನ್ನೂ ಕೆಳಗೆ ತಳ್ಳಿದ್ದೇನೆ. ರಟ್ಟು ಇಟ್ಟಿದ್ದರೆ ಮೊದಲ ನಾಣ್ಯಕ್ಕೇ ಗೊತ್ತಾಗುತ್ತಿತ್ತು. ರಟ್ಟು ಡ್ರಾಯರಿನಲ್ಲಿತ್ತು.

ಸಾರ್ ಮಾದರಿಯನ್ನು ಕಿಟಕಿಗೆ ಒಯ್ದು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದರು.

"ಕಪ್ಪು."

"ಹೌದು ಸಾರ್. ನನ್ನ ತಪ್ಪು."

"ನಾನು ಅವತ್ತೇ ಹೇಳಿದ್ದೆ!"

"ಹೇಳಿದ್ರಿ."

ಅವರ ಮುಖ ಅರಳಿತು. ನನ್ನ ಮೇಲೆ ಸಿಟ್ಟೇ ಇಲ್ಲ. ಚಪ್ಪಾಳೆ ಹೊಡೆದು ಮಗಳನ್ನು ಕೂಗಿದರು. "ಕೇಳಿದ್ಯೇನೆ? ಈ ಮರಿ ಹದ್ದಿಗೆ ಕಾಣದ್ದು ನಂಗೆ ಕಾಣ್ತು! ನನ್ನ ಕಣ್ಣು ಗಟ್ಟಿಯಾಗಿದೆ!"

ಅಕ್ಕ ಬಾಗಿಲಲ್ಲಿ ನಿಂತಿದ್ದರು. ನನ್ನನ್ನೇ ನೋಡಿದರು. ಸುಮ್ಮನಿರು ಅಂತ.

ಸುಮ್ಮನಿರಬಹುದಿತ್ತು. ಏಳು ಹಾಳೆ ಸದ್ದಿಲ್ಲದೆ ತಿದ್ದಿ ಕೊಡಬಹುದಿತ್ತು. ಆದರೆ ಅವರು ಉಳಿದ ಹಾಳೆಗಳನ್ನೂ ಎತ್ತಿಕೊಂಡರು. ಮೂವತ್ತನೆಯದು. "ಇದೂ ಕಪ್ಪು." ಇಪ್ಪತ್ತು. "ಇದೂ." ಕಾಗದಕ್ಕೆ ಗುಂಡಿ ಇಲ್ಲವಲ್ಲ. ಒಂದನೇ ಹಾಳೆಯನ್ನೂ ಮೂಗಿಗೆ ಹಿಡಿದು, "ಎಲ್ಲಾ ಕಪ್ಪಮ್ಮ. ಎಲ್ಲಾನೂ ಬೆಳ್ಳಗೆ ಮಾಡ್ಬೇಕು. ಈ ಸಲ ನಾನು ಹೇಳಿದಷ್ಟು ಮಾಡು, ನನ್ನ ಕಣ್ಣನ್ನ ನಂಬು" ಅಂದರು.

"ಒಂದನೇ ಹಾಳೆ ಮಾರ್ಚಲ್ಲಿ ನೀವೇ ಒಪ್ಪಿದ್ದು ಸಾರ್. ಅವತ್ತು ಟೀ ಪಾತ್ರೆ ತಂದು ಪಕ್ಕದಲ್ಲಿಟ್ಟು ನೋಡಿದ್ರಿ. ಅದು ಬದಲಾಗಿಲ್ಲ."

ಹೇಳಿಬಿಟ್ಟೆ. ಗುಂಡಿಯ ಕಥೆ ಪೂರ್ತಿ ಹೇಳಿದೆ. ಇಪ್ಪತ್ತೆರಡನೇ ಹಾಳೆಯಿಂದ ಪರದೆ ಏರಿಸುತ್ತ ಬಂದಿದ್ದು, ಐವತ್ತೈದು, ಎಪ್ಪತ್ತು, ನೂರು.

"ಮೊದಲು ಎಷ್ಟಿತ್ತು?"

"ನಲವತ್ತು."

ಅವರು ಕಳೆಯುವ ಲೆಕ್ಕ ಮಾಡಿದರು. ತುಟಿ ಅಲ್ಲಾಡಿದ್ದು ಕಂಡಿತು. "ಹಂಗಾದ್ರೆ ನನ್ನ ಕಣ್ಣಿಂದ ಅರವತ್ತು ಹೋಗಿದೆ."

ಅಕ್ಕ "ಅಪ್ಪಾ" ಅಂದರು. ಅವರು ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಮೇಜಿನ ಮೇಲಿಟ್ಟು ಒಳಗೆ ಹೋದರು. ಪೆನ್ಸಿಲ್ ಉರುಳಿ ಕೆಳಗೆ ಬಿತ್ತು. ಎತ್ತಿಟ್ಟೆ. ಮತ್ತೆ ಉರುಳಿತು.

ಮೇ 4, ಶನಿವಾರ

ಸಾರ್ ಕೋಣೆಯಿಂದ ಹೊರಗೆ ಬರಲಿಲ್ಲ. ನಿನ್ನೆಯೂ ಇಲ್ಲ. ಅಕ್ಕ ನನ್ನ ಹತ್ತಿರ ಮಾತಾಡುವುದಿಲ್ಲ. ಕಂಪ್ಯೂಟರ್ ಮುಟ್ಟದೆ ಮನೆಗೆ ಬಂದೆ.

ಮೇ 5, ಭಾನುವಾರ

ಅಮ್ಮನಿಗೆ ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ.

"ಸುಳ್ಳು ಹೇಳಿದ್ಯಾ, ನಿಜ ಹೇಳಿದ್ಯಾ?"

"ಎರಡೂ."

"ನಾಳೆ ಹೋಗು."

"ಯಾರೂ ಕರೆದಿಲ್ಲ."

"ಕರೀಲಿ ಅಂತ ಕಾಯ್ತಾ ಕೂರೋಕೆ ನೀನೇನು ಅತಿಥಿನಾ? ಹೋಗಿ ನಿನ್ನ ಕುರ್ಚೀಲಿ ಕೂತ್ಕೋ. ಕಲೆ ಎಲ್ಲಿದೆ ಅಂತ ಗೊತ್ತಾಗಿದೆಯಲ್ಲ, ಅರ್ಧ ಒಗೆದ ಹಾಗೇ."

ಮೇ 6, ಸೋಮವಾರ

ಹೋದೆ. ಅಕ್ಕ ಬಾಗಿಲು ತೆಗೆದು ದಾರಿ ಬಿಟ್ಟರು. ಪರದೆಯನ್ನು ನಲವತ್ತಕ್ಕಿಟ್ಟೆ. ಬೂದು ರಟ್ಟು ತೆಗೆದೆ. ಮೂವತ್ತಮೂರನೇ ಹಾಳೆ, ಮೊದಲನೇ ನಾಣ್ಯ, ಮೊದಲಿನಿಂದ.

ಹತ್ತು ಗಂಟೆಗೆ ಹಿಂದಿನ ಕುರ್ಚಿ ಕಿರ್ ಅಂದಿತು. ನಾನು ತಿರುಗಲಿಲ್ಲ.

"ಪರದೆ ಎಷ್ಟಿದೆ?"

"ನಲವತ್ತು."

"ನಿಜವಾಗ್ಲೂ?"

"ಅಕ್ಕನ್ನ ಕರೆದು ಕೇಳಿ."

"ಬೇಡ." ಕುರ್ಚಿ ಹತ್ತಿರ ಎಳೆದುಕೊಂಡು, "ನಿಂಗೆ ಯಾಕೆ ಬೇಕಿತ್ತು ಅದೆಲ್ಲ?"

"ಜಗಳ ಆಡೋಕೆ ಬೇಜಾರಾಗಿತ್ತು."

"ನಿಂಗಾ?" ಅಂದರು. "ನಿಂಗೆ ಜಗಳ ಬೇಜಾರಾಯ್ತಾ?"

ಅವರು ನಾಣ್ಯದ ಪೆಟ್ಟಿಗೆ ತೊಡೆಯ ಮೇಲೆ ಇಟ್ಟುಕೊಂಡು ಕಣ್ಣು ಮುಚ್ಚಿದರು. ಹೆಬ್ಬೆರಳಿನಿಂದ ಹುಡುಕಿ ಎರಡನೆಯದನ್ನು ನನ್ನ ಕೈಗೆ ಕೊಟ್ಟರು. "ಕಿಟಕಿಗೆ ಹಿಡಿ. ನಂಗಿದು ನಲವತ್ತು ವರ್ಷದಿಂದ ಗೊತ್ತು, ಬಾಯಿಪಾಠ ಆಗಿದೆ. ನಿಂಗೆ ಕಂಡಿದ್ದು ಹೇಳು, ಸರಿಯೋ ತಪ್ಪೋ ನಾನು ಹೇಳ್ತೀನಿ. ಯಾವುದರ ಕಪ್ಪು?"

"ತಾರು ರಸ್ತೆ."

"ಯಾವಾಗಿನದು?"

"ಮಳೆ ನಿಂತ ಮೇಲೆ."

"ಅಲ್ಲ. ಸರಿಯಾಗಿ ನೋಡು."

ಓರೆ ಮಾಡಿ ನೋಡಿದೆ. "ಒಣಗ್ತಿರೋ ರಸ್ತೆ. ನಡುವೆ ಇನ್ನೂ ಕಪ್ಪು, ಅಂಚಿಗೆ ಬೂದು ಬಂದಿದೆ. ರಾಜನ ಮೂಗಿನ ಹತ್ರ ಸ್ವಲ್ಪ ನೀಲಿ."

"ಹ್ಞಾಂ. ಆ ನೀಲಿ ಬಿಡ್ಬೇಡ."

ಬಿಡಲಿಲ್ಲ. ಹೀಗೇ ಐದು ಗಂಟೆಯವರೆಗೆ. ಸುಟ್ಟ ಬ್ರೆಡ್ಡಿನ ಅಂಚು. ಬೆಕ್ಕಿನ ಮೂಗು. ಸೈಕಲ್ ಚೈನು. ಅಮ್ಮನ ಇಸ್ತ್ರಿಪೆಟ್ಟಿಗೆಯ ತಳ. ನಾಲ್ಕು ಸಲ ನಾನು ತಪ್ಪು, ಒಂದು ಸಲ ಅವರು. ಅವರು ತಪ್ಪಿದಾಗ ನನಗೆ ಖುಷಿಯಾಗಲಿಲ್ಲ, ಯಾಕೋ. ಅಕ್ಕ ಮೂರು ಲೋಟ ಟೀ ತಂದು ನಮ್ಮ ಜೊತೆ ಕೂತರು. ನಾಲ್ಕು ಹಾಳೆ ಆಯಿತು.

ಮೇ 7, ಮಂಗಳವಾರ

ಉಳಿದ ಮೂರು, ಆಮೇಲೆ ನಲವತ್ತನೆಯದು.

ಕೊನೆಯ ನಾಣ್ಯಕ್ಕೆ ಎರಡು ಗಂಟೆ ಹಿಡಿಯಿತು. ಕುದುರೆಯ ಬೆನ್ನು ಪರದೆಯ ಮೇಲೆ ಬರುತ್ತಲೇ ಇಲ್ಲ. ಗಾಜಿನ ಮೇಲೆ ಸ್ವಲ್ಪ ಸ್ವಲ್ಪವೇ ತಿರುಗಿಸಿ ಹದಿನಾರು ಸಲ ಸ್ಕ್ಯಾನ್ ಮಾಡಿದೆ. ಹದಿನೇಳನೆಯದರಲ್ಲಿ ಸ್ಕ್ಯಾನರಿನ ಬೆಳಕು ಪಕ್ಕದಿಂದ ತಾಗಿತು.

"ಬಂತಾ?"

"ಬಂತು. ಬೆನ್ನು, ಮತ್ತೆ ಬಾಲದ ಬುಡ."

"ಬಾಲ ಇದೆಯಾ?" ಸಾರ್ ಪರದೆಯ ಕಡೆ ಬಗ್ಗಿದರು. ಆಮೇಲೆ ಬಗ್ಗುವುದು ಬಿಟ್ಟು ನಾಣ್ಯವನ್ನೇ ಇಸಕೊಂಡು ಹೆಬ್ಬೆರಳು ಇಟ್ಟರು. "ನಂಗೆ ಯಾವತ್ತೂ ಸಿಕ್ಕಿರ್ಲಿಲ್ಲ ಬಾಲ. ಎಲ್ಲಿ?"

ಅವರ ಹೆಬ್ಬೆರಳು ಹಿಡಿದು ಜಾಗ ತೋರಿಸಿದೆ.

ಮೇ 8, ಬುಧವಾರ

ಬೆಳಗ್ಗೆ ವ್ಯಾನು ಬಂತು. ಪೆಟ್ಟಿಗೆಗಳು ಹೋದವು. ಸಾರ್ ಗೇಟಿನವರೆಗೆ ಬಂದು, ವ್ಯಾನು ತಿರುಗುವವರೆಗೆ ನಿಂತು, "ಹೋಯ್ತಾ?" ಅಂತ ಕೇಳಿದರು. ಹೋಯ್ತು ಅಂದೆ.

ಮಧ್ಯಾಹ್ನ ಪ್ರೆಸ್ಸಿನವನು ಎಂಟು ಹೊಸ ಮಾದರಿ ತಂದ. "ಈಗ ನೋಡಿ, ಕೈಯಲ್ಲಿ ಎತ್ಕೋಬೇಕು ಅನ್ಸುತ್ತೆ" ಅಂದ. ಸಾರ್ ಒಂದು ಹಾಳೆಯ ಮೇಲೆ ಹೆಬ್ಬೆರಳು ಆಡಿಸಿದರು. ನುಣುಪು ಕಾಗದ. ಬೆರಳಿಗೆ ಏನು ಸಿಗುತ್ತದೆ? ಕೈ ಹಿಂದಕ್ಕೆ ತೆಗೆದರು.

ಪುಸ್ತಕ ಇಲ್ಲಿಗೆ ನಿಂತಿತು ಅಂದುಕೊಂಡೆ. ಅಕ್ಕನೂ ಹಾಗೇ ಅಂದುಕೊಂಡಿರಬೇಕು.

ಸಾರ್ ಮೇಜು ತಡವಿ ಕೆಂಪು ಪೆನ್ಸಿಲ್ ಹುಡುಕಿದರು. ನನ್ನ ಕಡೆ ಚಾಚಿದರು.

"ನಾನು ನೋಡಿಲ್ಲ. ನೋಡಿದವರು ಬರೀಬೇಕು."

"ನನ್ನ ಅಕ್ಷರ ಚೆನ್ನಾಗಿಲ್ಲ ಸಾರ್."

"ಅಕ್ಷರ ಚೆನ್ನಾಗಿದೆಯಾ ಅಂತ ಕೇಳಿದ್ನಾ? ನೋಡಿದೀಯಾ?"

"ನೋಡಿದೀನಿ."

"ಬರಿ ಮತ್ತೆ."

ಎಂಟು ಹಾಳೆಗೂ ಬರೆದೆ. ನೋಡಿದೆ. ಎರಡು ಸಲ ಪೆನ್ಸಿಲಿನ ಮೊನೆ ಮುರಿಯಿತು, ಅವರೇ ಹೆರೆದುಕೊಟ್ಟರು. ನಲವತ್ತನೆಯದನ್ನು ಸಾರ್ ಕೈಗೆ ತೆಗೆದುಕೊಂಡರು. ಮೂಲೆ ಹುಡುಕಿ, ಹಾಳೆ ತಿರುಗಿಸಿ, ಹಿಂಬದಿಯಲ್ಲಿ ಹೆಬ್ಬೆರಳು ಇಟ್ಟರು. ಬೆರಳು ನಿಂತಿತು. ನಿಧಾನಕ್ಕೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಯಿತು, ಮತ್ತೆ ಹಿಂದಕ್ಕೆ ಬಂತು.

"ಇದೆ" ಅಂದರು. "ಚೆನ್ನಾಗಿ ಒತ್ತಿದೀಯ. ಸಿಟ್ಟಲ್ಲಿ ಬರೆದ್ಯಾ?"

"ಇಲ್ಲ ಮೇಷ್ಟ್ರೇ."

ಮನೆಗೆ ಹೊರಡುವಾಗ ಕೇಳಿಸಿತು, ಅಡುಗೆಮನೆಯ ನಲ್ಲಿ ಮತ್ತೆ ಸೋರುತ್ತಿದೆ. ನಾಳೆ ಬೆಳಗ್ಗೆ ಒಂದು ವಾಷರ್ ತೆಗೆದುಕೊಂಡು ಹೋಗಬೇಕು.